ನಮ್ಮ ಮನೆಯಲ್ಲಿ ಯಾರದೋ ಬೀಗ

ಕೀಲಿಯಣ್ಣನಿಗೆ ಹೇಸಿಗೆ ಹುಟ್ಟಿಸದ ವಸ್ತು ಈ ಭೂಮಿಯ ಮೇಲೆ ಬಹಳ ಕಡಿಮೆ. ಪ್ಲಾಸ್ಟಿಕ್ ಸ್ಕ್ರೂ ಕಂಡರೆ ಆಗುವುದಿಲ್ಲ. ಸ್ಕ್ರೂವೇ ಇಲ್ಲದೆ ಅಂಟು ಹಾಕಿ ಮುಚ್ಚಿದ ಡಬ್ಬಿ ಕಂಡರೆ ಇನ್ನೂ ಆಗುವುದಿಲ್ಲ. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಬರಹ ಪರದೆಯ ಮೇಲೆ ಬಂದರಂತೂ ಹೆಗಲ ಮೇಲೆ ಹಲ್ಲಿ ಬಿದ್ದವನಂತೆ ಮೈ ಕೊಡವುತ್ತಾನೆ. ಇಷ್ಟಾದರೂ ಅವನು ದಿನವೂ ಬಾಯಿತುಂಬ ಉಗಿಯುವುದು ತನಗೆ ಎಲ್ಲಕ್ಕಿಂತ ಇಷ್ಟವಾದ ಒಂದು ವಸ್ತುವಿಗೇ. ಅದು ಮನೆಯ ಟಿವಿಯ ಕೆಳಗೆ ಕೂತಿರುವ ಕಪ್ಪು ಡಬ್ಬ. ವಿಡಿಯೋ ಗೇಮ್ ಆಡುವ ಕನ್ಸೋಲು.

ವಯಸ್ಸು ಐವತ್ತರ ಹತ್ತಿರ. ತಲೆಯ ಮುಂಭಾಗ ಬೋಳು, ಕೋಪ ಮೂಗಿನ ತುದಿಯಲ್ಲಿ. ಕಸುಬು ಬೀಗ ರಿಪೇರಿ, ಕಳೆದುಹೋದ ಕೀಲಿಗೆ ಬೇರೆ ಕೀಲಿ ಕಡೆದುಕೊಡುವುದು. ಅಂಗಡಿ ಎಂದರೆ ಒಂದು ದೊಡ್ಡ ಕಟ್ಟಡದ ಮೆಟ್ಟಿಲ ಕೆಳಗಿನ ಸಂದು. ಬಾಗದೆ ಒಳಗೆ ಹೋದರೆ ಹಣೆ ಒಡೆಯುತ್ತದೆ. ಗೋಡೆ ತುಂಬ ಕಡೆಯದ ಕೀಲಿಗಳು ಮೊಳೆಗೆ ನೇತಾಡುತ್ತವೆ. ಕೀಲಿ ಕಡೆಯುವ ಮಿಷನ್ನು ಕಿರ್ರೋ ಎಂದಾಗಲೆಲ್ಲ ಹಿತ್ತಾಳೆಯ ಪುಡಿ ಹಾರಿ ಅವನ ಹುಬ್ಬಿನ ಮೇಲೆ ಕೂರುತ್ತದೆ. ಪಕ್ಕದ ಸಂದಿನಲ್ಲಿ ವಾಚ್ ರಿಪೇರಿಯವನು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಇನ್ನೊಂದು ಕಣ್ಣಲ್ಲಿ ಬೀದಿ ನೋಡುತ್ತ, ಎರಡು ಕಿವಿಯನ್ನೂ ಕೀಲಿಯಣ್ಣನ ಬೈಗುಳಕ್ಕೆ ಒಪ್ಪಿಸಿ ಕೂತಿರುವ ಗೆಳೆಯ.

“ಅಷ್ಟು ಅಸಹ್ಯ ಆದ್ರೆ ಎತ್ತಿ ಬಿಸಾಕಯ್ಯ ಅದನ್ನ” ಎನ್ನುತ್ತಿದ್ದ ವಾಚಿನವನು.

“ಬಿಸಾಕೋಕೆ ಅದು ಕೆಟ್ಟ ವಸ್ತು ಅಲ್ಲ ಕಣೋ. ಒಳ್ಳೇ ವಸ್ತು. ಒಳ್ಳೇದನ್ನ ಹಾಳು ಮಾಡಿದಾರಲ್ಲ, ಅದಕ್ಕೇ ನಾನು ಉಗಿಯೋದು. ಅದರೊಳಗಿನ ಚಿಪ್‌ಗೆ ಎಂಥಾ ತಾಕತ್ತಿದೆ ಗೊತ್ತಾ? ನೀರಿನ ಮೇಲೆ ಬಿಸಿಲು ಬಿದ್ರೆ ಕಣ್ಣು ಕುಕ್ಕುತ್ತೆ, ಹಂಗೆ ತೋರಿಸುತ್ತೆ. ಆ ತಾಕತ್ತನ್ನೆಲ್ಲ ಏನಕ್ಕೆ ಬಳಸ್ತಾರೆ? ಆನ್ ಮಾಡಿದ ತಕ್ಷಣ ನಾಲ್ಕು ಜಾಹೀರಾತು ತೋರಿಸೋಕೆ! ಸಮುದ್ರದಾಚೆ ಕೂತಿರೋ ಮುಖ ಗೊತ್ತಿಲ್ಲದವನ ಜೊತೆ ಆಡ್ಬೋದಂತೆ, ಅದಕ್ಕೆ ತಿಂಗಳಾ ತಿಂಗಳಾ ಬಾಡಿಗೆ. ಪಕ್ಕದಲ್ಲೇ ತೊಡೆಗೆ ತೊಡೆ ತಾಗಿಸಿಕೊಂಡು ಕೂತಿರೋ ಅಕ್ಕನ ಜೊತೆ ಆಡ್ತೀನಿ ಅಂದ್ರೆ, ಹೊಸ ಆಟದಲ್ಲಿ ಜಾಗ ಇಲ್ಲ! ಇದೆಂಥಾ ಯಂತ್ರವೋ? ಮನೆ ಕಟ್ಟಿ ಬಾಗಿಲು ಇಡೋದು ಮರೆತಂಗೆ.”

“ಸರಿ, ಬಾಯಿ ಮುಚ್ಚಿ ಟೀ ಕುಡಿ. ಆರಿಹೋಗ್ತಿದೆ.”

ಅಕ್ಕನ ಮಾತು ಬಂತಲ್ಲ, ಅಲ್ಲಿಂದಲೇ ಹೇಳಬೇಕು.

ಆರನೇ ಕ್ಲಾಸಿಗೇ ಪುಸ್ತಕ ಮುಚ್ಚಿಟ್ಟು ಅಪ್ಪನ ಬೀಗದ ಅಂಗಡಿಗೆ ಬಂದವನು ಕೀಲಿಯಣ್ಣ. ಆ ಕಾಲದಲ್ಲಿ ಬೀದಿಯ ಮೂಲೆಯಲ್ಲೊಂದು ಗೇಮಿನ ಅಂಗಡಿ ಇತ್ತು. ಕತ್ತಲ ಕೋಣೆ, ಸಾಲಾಗಿ ನಿಂತ ಬೀರುವಿನಂಥ ಯಂತ್ರಗಳು, ಒಳಗೆ ಹೋದರೆ ಬೆವರಿನ ವಾಸನೆ. ಯಂತ್ರಗಳ ನಾಣ್ಯದ ಪೆಟ್ಟಿಗೆಯ ಬೀಗ ಕೆಟ್ಟಾಗ ಅಪ್ಪ ಮಗನನ್ನು ಕಳಿಸುತ್ತಿದ್ದರು. ಆ ಮಾಲೀಕ ಕೂಲಿ ಕೊಡುವ ಬದಲು “ಹೋಗು, ಸಂಜೆವರೆಗೆ ಆಡ್ಕೋ” ಎನ್ನುತ್ತಿದ್ದ. ಇವನಿಗೋ ಅದೇ ಸ್ವರ್ಗ. ಬೀಗ ಎಷ್ಟು ಬೇಗ ಕೆಟ್ಟರೆ ಅಷ್ಟು ಒಳ್ಳೆಯದು ಎಂದು ಸಡಿಲವಾಗಿಯೇ ಕೂರಿಸಿ ಬರುತ್ತಿದ್ದ.

ಒಂದು ದಿನ ಊಟದ ಹೊತ್ತಿಗೆ ಮನೆಗೆ ಬರಲಿಲ್ಲವೆಂದು ಅಕ್ಕ ಕಿವಿ ಹಿಂಡಿ ಎಳೆದುಕೊಂಡು ಹೋಗಲು ಬಂದಳು. ಕಿವಿಗೆ ಕೈ ಹಾಕಿದಳು, ಅಷ್ಟರಲ್ಲಿ ಪರದೆಯ ಮೇಲೆ ಓಡುತ್ತಿದ್ದ ಕಾರು ಕಣ್ಣಿಗೆ ಬಿತ್ತು. ಕಿವಿ ಬಿಟ್ಟಳು. “ಸರಿಯೋ ಆಚೆ” ಎಂದು ತಾನೇ ಕೂತಳು. ಅವತ್ತು ಇಬ್ಬರೂ ಊಟಕ್ಕೆ ಹೋಗಲಿಲ್ಲ. ಇಬ್ಬರಿಗೂ ಬೆನ್ನಿನ ಮೇಲೆ ಬಿತ್ತು.

ಅಲ್ಲಿಂದ ಆ ಮನೆಯಲ್ಲೊಂದು ಪದ್ಧತಿ ಬೆಳೆಯಿತು. ಅಕ್ಕತಮ್ಮನ ನಡುವೆ ಏನೇ ಜಗಳ ಬರಲಿ, ಬಾಯಲ್ಲಿ ಮುಗಿಸುವುದಿಲ್ಲ. ಕಾರಿನ ಆಟ, ಮೂರು ಸುತ್ತು. ಗೆದ್ದವರ ಮಾತು ನಡೆಯಬೇಕು, ಸೋತವರು ತುಟಿ ಬಿಚ್ಚಬಾರದು. ಬೇಕೆಂದೇ ಬಿಟ್ಟುಕೊಟ್ಟದ್ದು ಗೊತ್ತಾದರೆ ಆ ಆಟ ಲೆಕ್ಕಕ್ಕಿಲ್ಲ. ಗೇಮಿನ ಅಂಗಡಿ ಮುಚ್ಚಿಹೋಗಿ, ಮನೆಗೆ ಡಬ್ಬಗಳು ಒಂದರ ಹಿಂದೆ ಒಂದು ಬಂದ ಮೇಲೂ ಪದ್ಧತಿ ತಪ್ಪಲಿಲ್ಲ. ಮಹಡಿಯ ಕೋಣೆ ಯಾರಿಗೆ ಎಂಬುದು ಹಾಗೆಯೇ ತೀರ್ಮಾನವಾದದ್ದು. ಅಕ್ಕ ಗೆದ್ದಳು, ಮಹಡಿ ಅವಳದಾಯಿತು. ಕೀಲಿಯಣ್ಣ ಯಾರನ್ನು ಮದುವೆಯಾಗಬೇಕು ಎಂಬುದನ್ನೂ ಹೀಗೇ ತೀರ್ಮಾನಿಸಿದ್ದರೆಂದು ವಾಚಿನವನು ಹೇಳುತ್ತಾನೆ. ಅದನ್ನು ಕೀಲಿಯಣ್ಣನ ಹೆಂಡತಿಯ ಮುಂದೆ ಯಾರೂ ಎತ್ತುವುದಿಲ್ಲ.

ಅಕ್ಕ ದರ್ಜಿ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ “ಅಳತೆಗೆ ಸರಿಯಾದವನು ಸಿಗಲಿಲ್ಲ, ಕತ್ತರಿಸಿ ಹೊಲಿಯೋಕೆ ಹೋದ್ರೆ ಗಂಡಸರು ಕೂಗಾಡ್ತಾರೆ” ಎನ್ನುತ್ತಿದ್ದಳು. ಮಹಡಿಯ ಕೋಣೆಯ ಕಿಟಕಿಯ ಪಕ್ಕ ಹೊಲಿಗೆ ಮಿಷನ್ನು ಹಾಕಿಕೊಂಡು, ಬೀದಿಯಲ್ಲಿ ಹೋಗುವವರ ಅಂಗಿಯ ಹೊಲಿಗೆ ಸರಿಯಿಲ್ಲವೆಂದು ಮೇಲಿನಿಂದಲೇ ಕೂಗಿ ಹೇಳುವ ಹೆಂಗಸು. ತಮ್ಮನಿಗೆ ಬಾಯಿ ಎಲ್ಲಿಂದ ಬಂತೆಂದು ಬೇರೆ ಹುಡುಕಬೇಕಾಗಿಲ್ಲ.

ಅಂಥವಳು ಒಂದು ಬೆಳಗ್ಗೆ ಮಿಷನ್ನಿನ ಮುಂದೆಯೇ ವಾಲಿಬಿದ್ದಳು. ಲಕ್ವ. ಆಸ್ಪತ್ರೆಯಿಂದ ಬರುವಷ್ಟರಲ್ಲಿ ಮಾತು ಸರಿಹೋಯಿತು, ಕಾಲು ಸುಮಾರಾಗಿ ಸರಿಹೋಯಿತು. ಬಲಗೈ ಮಾತ್ರ ಸೊಂಟದ ಪಕ್ಕ ಒಣಗಲು ಹಾಕಿದ ಬಟ್ಟೆಯಂತೆ ನೇತಾಡಿತು. ಕತ್ತರಿ ಹಿಡಿಯಲಾಗದು, ಸೂಜಿ ಪೋಣಿಸಲಾಗದು. ಆಟದ ಡಬ್ಬದ ಜೊತೆ ಬಂದ ಕಂಪನಿಯ ಕಂಟ್ರೋಲರನ್ನಂತೂ ಹಿಡಿಯುವ ಮಾತೇ ಇಲ್ಲ. ಅದಕ್ಕೆ ಎರಡು ಕೈ, ಹತ್ತು ಬೆರಳು ಬೇಕು.

ಆಗ ಕೀಲಿಯಣ್ಣ ಒಂದು ಕೆಲಸ ಮಾಡಿದ. ಹಳೆಯ ಗೇಮಿನ ಅಂಗಡಿ ಮುಚ್ಚಿದಾಗ ಗುಜರಿಗೆ ಹೋಗುತ್ತಿದ್ದ ಯಂತ್ರದಿಂದ ಕಿತ್ತು ತಂದಿದ್ದ ದೊಡ್ಡ ಗುಂಡಿಗಳು ಅಟ್ಟದಲ್ಲಿದ್ದವು. ಒಂದೊಂದೂ ಅಂಗೈ ನಡುವಿನಷ್ಟು ಅಗಲ. ಅವನ್ನು ಒಂದು ಮರದ ಪೆಟ್ಟಿಗೆಯ ಮೇಲೆ ಎಡಗೈಯ ಐದು ಬೆರಳಿಗೆ ಸಿಗುವ ಹಾಗೆ ಕೂರಿಸಿದ. ಎಡಕ್ಕೊಂದು, ಬಲಕ್ಕೊಂದು, ಓಟಕ್ಕೊಂದು, ಬ್ರೇಕಿಗೊಂದು. ಯಾವುದೋ ಬೇರೆ ಕಂಪನಿಯ ಚಿಕ್ಕ ಅಡಾಪ್ಟರ್ ಹಾಕಿ ಡಬ್ಬಕ್ಕೆ ಸೇರಿಸಿದ. ಅಕ್ಕ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಂಡಿಯೊಂದನ್ನು ಒತ್ತಿ ನೋಡಿದಳು. ‘ಟಕ್’ ಎಂದಿತು.

“ಸದ್ದು ಚೆನ್ನಾಗಿದೆ ಕಣೋ. ಹಳೇದು ಹಳೇದೇ” ಎಂದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಮಧ್ಯಾಹ್ನ ಅಂಗಡಿ ಮುಚ್ಚಿ ಊಟಕ್ಕೆ ಬಂದಾಗ ಇಬ್ಬರೂ ಆಡುತ್ತಿದ್ದರು. ಪರದೆಯನ್ನು ಅಡ್ಡಕ್ಕೆ ಎರಡು ಮಾಡುವ ಹಳೆಯ ಕಾರಿನ ಆಟ. ಮೇಲಿನ ಅರ್ಧದಲ್ಲಿ ಅಕ್ಕನ ಕಾರು, ಕೆಳಗಿನ ಅರ್ಧದಲ್ಲಿ ತಮ್ಮನದು. ಮೊದಮೊದಲು ಅಕ್ಕ ಗೋಡೆಗೆ ಗುದ್ದುತ್ತಿದ್ದಳು. ಬರಬರುತ್ತ ಗೋಡೆ ತಪ್ಪಿತು. ಆಮೇಲೆ ತಮ್ಮನ ಕಾರಿಗೇ ಗುದ್ದತೊಡಗಿದಳು. “ಗುಣ ಆಗ್ತಿದೀಯ” ಎಂದು ಇವನು ಹಲ್ಲು ಕಡಿಯುತ್ತಿದ್ದ.

ಹೀಗಿರುವಾಗ ಒಂದು ಸಂಜೆ ಅಕ್ಕ ಮಹಡಿ ಹತ್ತುವಾಗ ಬಿದ್ದಳು. ಮೆಟ್ಟಿಲಿಗೆ ಕಂಬಿ ಇರುವುದು ಒಂದೇ ಪಕ್ಕ. ಇಳಿಯುವಾಗ ಅದು ಎಡಗೈಗೆ ಸಿಗುತ್ತದೆ. ಹತ್ತುವಾಗ ಬಲಗೈಯ ಕಡೆ, ಅಂದರೆ ಅವಳ ಪಾಲಿಗೆ ಇಲ್ಲದ ಹಾಗೆಯೇ. ಮೊಣಕಾಲು ತರಚಿ ರಕ್ತ ಬಂತು, ಅಷ್ಟೆ. ಆದರೆ ಕೀಲಿಯಣ್ಣನ ಜೀವ ಬಾಯಿಗೆ ಬಂದಿತ್ತು. ಭಯ ಬಿದ್ದಾಗ ಅವನಿಗೆ ಬೈಯಲು ಮಾತ್ರ ಗೊತ್ತು.

“ಸಾಕು ನಿನ್ನ ಮಹಡಿ! ನಾಳೆಯಿಂದ ಕೆಳಗಡೆ ಕೋಣೇಲಿ ಇರ್ತೀಯ. ಮಾತಿಲ್ಲ ಕತೆ ಇಲ್ಲ.”

“ಕೆಳಗಡೆ ಕೋಣೇಲಿ ಕಿಟಕಿ ಇಲ್ಲ. ಗೋಡೆ ನೋಡ್ಕೊಂಡು ಕೂರೋಕೆ ನಾನೇನು ಹಲ್ಲೀನಾ?”

“ಬಿದ್ದು ಸತ್ತರೆ ಏನು ಮಾಡ್ತೀಯ?”

“ಸತ್ತ ಮೇಲೆ ನಾನೇನೋ ಮಾಡೋದು, ಮಾಡೋನು ನೀನು” ಎಂದು ಅಕ್ಕ ಸೆರಗಿನಿಂದ ಮೊಣಕಾಲು ಒರೆಸಿಕೊಂಡಳು. “ನಿನ್ನ ಮಾತು ನಡೀಬೇಕು ಅಂದ್ರೆ ಪದ್ಧತಿ ಗೊತ್ತಲ್ಲ. ರಜದ ದಿನ ಬಾ. ಮೂರು ಸುತ್ತು.”

ರಜದ ದಿನ ಬಂತು. ಅಕ್ಕ ತಲೆ ಬಾಚಿಕೊಂಡು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಯುದ್ಧಕ್ಕೆ ಹೊರಟವಳಂತೆ ಸೋಫಾದ ಮೇಲೆ ಕೂತಳು. ಕೀಲಿಯಣ್ಣ ಡಬ್ಬ ಆನ್ ಮಾಡಿದ. ಅಲ್ಲಿ ನಿಂತಿತ್ತು ಶನಿ: ‘ಹೊಸ ಅಪ್‌ಡೇಟ್ ಲಭ್ಯವಿದೆ. ಮುಂದುವರಿಯಲು ಒಪ್ಪಿಗೆ ನೀಡಿ.’ ಒಪ್ಪುತ್ತೇನೆ ಎಂಬ ಗುಂಡಿ ಇತ್ತು. ಒಪ್ಪುವುದಿಲ್ಲ ಎಂಬ ಗುಂಡಿ ಇರಲಿಲ್ಲ. ಆ ಆಟವೋ ತಿಂಗಳ ಬಾಡಿಗೆಯ ಸೇವೆಯಲ್ಲಿ ಬಂದದ್ದು, ಒಪ್ಪದಿದ್ದರೆ ತೆರೆಯುವುದಿಲ್ಲ. ಉಗಿದುಕೊಂಡೇ ಒತ್ತಿದ. ನೀಲಿ ಪಟ್ಟಿ ಇರುವೆಯಂತೆ ತೆವಳಿತು. ಹೆಂಡತಿ ಟೀ ಮಾಡಿ ತಂದಳು, ಕುಡಿದು ಮುಗಿಸಿದರು, ಲೋಟ ತೊಳೆದಿಟ್ಟಳು. ಪಟ್ಟಿ ಇನ್ನೂ ತೆವಳುತ್ತಲೇ ಇತ್ತು.

ಕೊನೆಗೆ ಆಟ ತೆರೆಯಿತು. ಅಕ್ಕ ಓಟದ ಗುಂಡಿ ಒತ್ತಿದಳು. ಟಕ್. ಏನೂ ಆಗಲಿಲ್ಲ. ಪರದೆಯ ಮೇಲೊಂದು ಬರಹ ಮೂಡಿತು: ‘ಅನುಮತಿಯಿಲ್ಲದ ಉಪಕರಣ ಪತ್ತೆಯಾಗಿದೆ. ದಯವಿಟ್ಟು ತೆಗೆಯಿರಿ.’

ಕೀಲಿಯಣ್ಣ ತಂತಿ ಕಿತ್ತು ಮತ್ತೆ ಹಾಕಿದ. ಅದೇ ಬರಹ. ಡಬ್ಬವನ್ನೇ ಆರಿಸಿ ಮತ್ತೆ ಹಚ್ಚಿದ. ಅದೇ ಬರಹ. ಅಕ್ಕ ಟಕ್ ಟಕ್ ಎಂದು ಒತ್ತುತ್ತಲೇ ಇದ್ದಳು. ಆಮೇಲೆ ನಿಲ್ಲಿಸಿದಳು.

“ದಯವಿಟ್ಟು ಅಂತೆ!” ಕೀಲಿಯಣ್ಣನ ಕಣ್ಣು ಕೆಂಪಾಯಿತು. “ನಮ್ಮ ಮನೆ, ನಮ್ಮ ಕರೆಂಟು, ನಾವು ಕಾಸು ಕೊಟ್ಟು ತಂದ ಡಬ್ಬ. ಅನುಮತಿ ಯಾರದು, ಇವನಪ್ಪಂದಾ?”

ಬಾಗಿಲಲ್ಲಿ ನಿಂತಿದ್ದ ಹೆಂಡತಿ, “ಆಟವೇ ಇಲ್ಲ ಅಂದ್ಮೇಲೆ ನೀವೇ ಗೆದ್ದಂಗಲ್ವೇನ್ರೀ? ಅತ್ತಿಗೆ ಕೆಳಗೆ ಬಂದುಬಿಡ್ಲಿ, ನನಗೂ ಮನಸ್ಸಿಗೆ ಸಮಾಧಾನ” ಎಂದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಗಂಡ ಅವಳನ್ನು ನೋಡಿದ ರೀತಿ ನೋಡಿ ಅವಳು ಅಡುಗೆಮನೆಗೆ ಹೋದಳು.

“ಎದುರಾಳಿಯ ಕೈಯನ್ನ ಯಾವನೋ ಬಂದು ಕಟ್ಟಿಹಾಕಿದ, ನಾನು ಗೆದ್ದೆ ಅಂತ ಮೀಸೆ ತಿರುವಲಾ? ಥೂ!”

ಅವನಿಗೆ ಇನ್ನೂ ಹೇಸಿಗೆಯಾದದ್ದು ಎರಡು ದಿನದ ನಂತರ. ಮಹಡಿಗೆ ಹೋಗಿ ನೋಡಿದರೆ ಅಕ್ಕ ನೂಲಿನ ಉಂಡೆಗಳನ್ನು ಒಂದೊಂದಾಗಿ, ಎಡಗೈಯಲ್ಲಿ, ಬಿಸ್ಕತ್ತಿನ ಡಬ್ಬಿಗೆ ತುಂಬುತ್ತಿದ್ದಳು. ಬಟ್ಟೆಯ ತುಂಡುಗಳನ್ನು ಗಂಟು ಕಟ್ಟಲು ಹಲ್ಲಿನಲ್ಲಿ ತುದಿ ಕಚ್ಚಿ ಎಳೆದಿದ್ದಳು. ಕಿಟಕಿ ಮುಚ್ಚಿತ್ತು.

“ಏನು ಮಾಡ್ತಿದೀಯ?”

“ಕೆಳಗೆ ಬರ್ತಿದೀನಿ. ನೀನೇ ಹೇಳಿದ್ಯಲ್ಲ.”

“ಆಟ ಆಗಿಲ್ಲ ಇನ್ನೂ.”

“ಆಗಲ್ಲ ಬಿಡೋ. ಒಂಟಿ ಕೈಯವರಿಗೆ ಆಟ ಇಲ್ಲ ಅಂತ ಟಿವಿಲೇ ಬರೆದು ತೋರಿಸಿದ್ರಲ್ಲ.”

ಅಕ್ಕ ಸೋಲೊಪ್ಪಿದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ತಾನು ಬಯಸಿದ್ದೇ ಆಗುತ್ತಿದೆ, ಅವಳು ಕೆಳಗೆ ಬರುತ್ತಿದ್ದಾಳೆ, ಆದರೂ ಬಾಯಲ್ಲಿ ತುಕ್ಕು ನೆಕ್ಕಿದಂಥ ರುಚಿ. ಗಂಟನ್ನು ಬಿಚ್ಚಿ ಬಟ್ಟೆಯನ್ನೆಲ್ಲ ಮಂಚದ ಮೇಲೆ ಸುರಿದು, “ಕೈ ಹಚ್ಚಿದ್ರೆ ನೋಡು ಮತ್ತೆ” ಎಂದು ದಡದಡ ಇಳಿದು, ಮರದ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಂಪನಿಯ ಸೇವಾ ಕೇಂದ್ರಕ್ಕೆ ಹೊರಟ.

ಗಾಜಿನ ಬಾಗಿಲು, ಮೂಳೆ ಕೊರೆಯುವ ಎ.ಸಿ., ಬೆನ್ನಿಗೆ ಆಸರೆಯಿಲ್ಲದ ಬೆಂಚು. ಟೋಕನ್ ಕೊಡುವ ಯಂತ್ರ ಕೂಡ ಮೊದಲು ಫೋನ್ ನಂಬರ್ ಕೇಳಿತು. ಎದುರಿನ ಗೋಡೆ ತುಂಬ ಒಂದು ಪರದೆ. ಅದರಲ್ಲಿ ಒಂದು ಸಂಸಾರ, ಅಜ್ಜಿಯಿಂದ ಮೊಮ್ಮಗುವಿನವರೆಗೆ, ಒಂದೇ ಸೋಫಾದಲ್ಲಿ ಕೂತು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತ ಆಡುತ್ತಿತ್ತು. ಅವರು ಆಡುತ್ತಿದ್ದ ಆಟ ಯಾವುದೆಂದು ಕೀಲಿಯಣ್ಣನಿಗೆ ಚೆನ್ನಾಗಿ ಗೊತ್ತು. ಅದನ್ನು ಒಬ್ಬನೇ ಆಡಬೇಕು, ಎರಡನೆಯವನಿಗೆ ಅದರಲ್ಲಿ ಜಾಗವೇ ಇಲ್ಲ. ಸುಳ್ಳು ಹೇಳುವುದಕ್ಕೂ ಒಂದು ನಾಚಿಕೆ ಬೇಡವೇ ಎಂದು ಎದ್ದು ಪರದೆಗೇ ಕೇಳಿಬಿಡಬೇಕೆನಿಸಿತು. ಅಷ್ಟರಲ್ಲಿ ಅವನ ನಂಬರ್ ಬಂತು.

ಕೌಂಟರಿನಲ್ಲಿ ಸಣ್ಣ ವಯಸ್ಸಿನ ಹೆಣ್ಣುಮಗಳು. ಪೆಟ್ಟಿಗೆಯ ಮೇಲೆ ಕಂಪನಿಯ ಗುರುತು ಇದೆಯೇ ಎಂದು ಬಗ್ಗಿ ನೋಡಿದಳು.

“ಇದು ನಮ್ಮ ಕಂಪನಿಯ ಉಪಕರಣ ಅಲ್ಲ ಸರ್.”

“ಅಲ್ಲ. ನಾನೇ ಮಾಡಿದ್ದು. ನಿಮ್ಮ ಕಂಪನೀದು ಹಿಡಿಯೋಕೆ ಎರಡು ಕೈ ಬೇಕು ತಾಯಿ. ಒಂದೇ ಕೈ ಇರೋರಿಗೆ ನೀವೇನು ಮಾಡಿದೀರಿ?”

“ಅಂಥವರಿಗೆ ಬೇರೆ ಮಾಡೆಲ್ ಇದೆ ಸರ್.”

“ಇದೆಯಾ? ತಗೊಂಡು ಬಾ ಮತ್ತೆ!”

“ಈ ಕಡೆಗೆ ಅದು ಬರಲ್ಲ ಸರ್.”

“ತರಿಸಿಕೊಡು.”

“ಈಗ ಅದನ್ನ ತಯಾರಿಸೋದೇ ನಿಲ್ಲಿಸಿದಾರೆ ಸರ್.”

“ಹಂಗಾದ್ರೆ ಇದೆ ಅಂತ ಯಾಕೆ ಹೇಳಿದೆ?”

ಹೆಣ್ಣುಮಗಳು ಕಂಪ್ಯೂಟರ್ ನೋಡಿದಳು. “ಪರದೇಲಿ ಹಂಗೇ ಇದೆ ಸರ್.”

“ಮೊನ್ನೆವರೆಗೆ ಈ ಪೆಟ್ಟಿಗೆ ನಡೀತಿತ್ತು. ನಿಮ್ಮ ಅಪ್‌ಡೇಟ್ ಬಂದ ಮೇಲೆ ನಿಂತಿದೆ. ಯಾಕೆ ನಿಲ್ಲಿಸಿದ್ರಿ ಅಂತ ಹೇಳು, ಸಾಕು.”

“ನಿಮ್ಮ ಸುರಕ್ಷತೆಗಾಗಿ ಸರ್.”

ಕೀಲಿಯಣ್ಣ ಬಾಯಿ ತೆರೆದ. ಇಡೀ ಕೇಂದ್ರಕ್ಕೆ ಕೇಳುವಂಥ ಒಂದು ಮಾತು ನಾಲಗೆಯ ತುದಿಗೆ ಬಂದಿತ್ತು. ಆಗ ಆ ಹುಡುಗಿ ಪೆಟ್ಟಿಗೆಯನ್ನು ತನ್ನ ಕಡೆ ಎಳೆದುಕೊಂಡು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಗುಂಡಿ ಒತ್ತಿದಳು. ಟಕ್.

“ಚೆನ್ನಾಗಿದೆ ಸರ್ ಇದು” ಎಂದಳು ಮೆಲ್ಲಗೆ. “ನನ್ನ ಕೈಲಿ ಏನೂ ಇಲ್ಲ. ಅಲ್ಲಿಂದ ಏನು ಬರುತ್ತೋ ಅದನ್ನ ಓದಿ ಹೇಳೋಕೆ ನನ್ನ ಇಲ್ಲಿ ಕೂರಿಸಿದಾರೆ.”

ಅವಳ ಮೇಲೆ ಕೂಗಲು ಆಗಲಿಲ್ಲ. ಕೂಗಬೇಕಾದವನು ಎಲ್ಲಿ ಕೂತಿದ್ದಾನೋ, ಅವನಿಗೆ ಮುಖವಿಲ್ಲ, ಬಾಗಿಲಿಲ್ಲ. ಹೊರಗೆ ಬಂದು ಬಿಸಿಲಿಗೆ ನಿಂತದ್ದೇ ತಡ, ಜೇಬಿನಲ್ಲಿ ಫೋನ್ ಗುಯ್ಗುಟ್ಟಿತು. ಇಂದಿನ ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ? ಕೀಲಿಯಣ್ಣ ಚರಂಡಿಯ ಪಕ್ಕಕ್ಕೆ ಹೋಗಿ ನಿಜವಾಗಿಯೂ ಉಗಿದ.

ಅಂಗಡಿಯಲ್ಲಿ ವಾಚಿನವನು ಕತೆಯೆಲ್ಲ ಕೇಳಿ, ಭೂತಗನ್ನಡಿ ತೆಗೆದು ಕಣ್ಣುಜ್ಜಿಕೊಂಡು, ಒಂದು ದಾರಿ ಹೇಳಿದ.

“ಡಬ್ಬ ಗುರುತು ಹಿಡಿಯೋದು ಕಂಟ್ರೋಲರ್ ಒಳಗಿನ ಬೋರ್ಡನ್ನ ತಾನೇ? ನಿನ್ನ ಮನೇಲಿರೋ ಕಂಪನಿ ಕಂಟ್ರೋಲರನ್ನೇ ಬಿಚ್ಚಿ, ಆ ಬೋರ್ಡಿಗೆ ನಿನ್ನ ಗುಂಡಿಗಳ ತಂತಿ ಹಾಕಿ ಕೂರಿಸೋಣ. ಹೊರಗೆ ಮರದ ಪೆಟ್ಟಿಗೆ, ಒಳಗೆ ಅವರದೇ ಬೋರ್ಡು. ಡಬ್ಬ ತನ್ನದೇ ಅನ್ಕೊಂಡು ಬಾಯಿ ಮುಚ್ಕೊಂಡಿರುತ್ತೆ.”

“ಬೇಡ.”

“ಯಾಕೆ?”

“ಅದು ಕಳ್ಳಕೀಲಿ.”

ವಾಚಿನವನು ನಕ್ಕುಬಿಟ್ಟ. ಕೀಲಿಯಣ್ಣ ನಗಲಿಲ್ಲ. ಅಪ್ಪ ಕಸುಬು ಕಲಿಸುವ ಮೊದಲು ಕಲಿಸಿದ್ದೇ ಅದು: ಮನೆಯವರು ಎದುರಿಗೆ ನಿಂತು ತೆಗಿ ಎನ್ನದೆ ಬೀಗಕ್ಕೆ ಕೈ ಹಾಕಬಾರದು. ಕೀಲಿ ಕಳೆದಿದೆ, ಬಾ ಎಂದು ಕರೆದವರ ಬಾಗಿಲಿಗೆ ಹೋದಾಗಲೂ ಅಕ್ಕಪಕ್ಕದವರನ್ನು ಕರೆದು, “ಇದು ಇವರ ಮನೇನಾ?” ಎಂದು ಕೇಳಿಯೇ ಚೀಲ ಬಿಚ್ಚುವವನು. ಬೈದವರುಂಟು, ಬೇರೆಯವನನ್ನು ಕರೆಸಿಕೊಂಡವರುಂಟು. ಅವನು ಬದಲಾಗಲಿಲ್ಲ.

“ಅವರು ಹೇಸಿಗೆ ಜನ, ಸರಿ. ಅದಕ್ಕೆ ನಾನೂ ಹೇಸಿಗೆ ಆಗ್ಬೇಕಾ? ಅವರ ಬೀಗ, ಅವರು ಹಾಕಿದಾರೆ.”

“ನಿನ್ನ ನಿಯತ್ತಿಗೆ ಬೆಂಕಿ ಹಾಕ. ಆ ಅಕ್ಕ ಗೋಡೆ ನೋಡ್ಕೊಂಡು ಕೂರ್ಲಿ ಹಂಗಾದ್ರೆ” ಎಂದು ವಾಚಿನವನು ಮತ್ತೆ ಭೂತಗನ್ನಡಿ ಸಿಕ್ಕಿಸಿಕೊಂಡ.

ಈ ಮಾತು ಅಕ್ಕನ ಕಿವಿಗೆ ಬಿದ್ದದ್ದು ವಾಚಿನವನಿಂದಲೇ. ಮರುದಿನ ಮಧ್ಯಾಹ್ನದ ಊಟಕ್ಕೆ ಕೀಲಿಯಣ್ಣ ಬಂದಾಗ ಅವಳು ಟಿವಿಯ ಮುಂದೆ, ಡಬ್ಬದ ಪಕ್ಕದಲ್ಲಿ, ಕುರ್ಚಿ ಹಾಕಿಕೊಂಡು ಕಾಯುತ್ತಿದ್ದಳು.

“ಬಾ ಇಲ್ಲಿ. ಈ ಡಬ್ಬ ಯಾರದು?”

“ನಮ್ಮದು. ಯಾಕೆ?”

“ಈ ಕಂಟ್ರೋಲರ್ ಯಾರದು?”

“ನಮ್ಮದೇ.”

“ಬೀಗ ಯಾರದು?”

“ಅವರದು.”

“ನಮ್ಮ ಮನೆ ಒಳಗೆ, ನಮ್ಮ ಡಬ್ಬದ ಒಳಗೆ, ಅವರ ಬೀಗ ಯಾಕೋ ಇದೆ? ನಾವು ಹಾಕ್ರಿ ಅಂದ್ವಾ?”

ಕೀಲಿಯಣ್ಣ ಚಪ್ಪಲಿ ಬಿಡುವುದನ್ನೇ ಮರೆತು ನಿಂತ.

“ಮನೆಯವರು ಎದುರಿಗೆ ನಿಂತು ಹೇಳ್ಬೇಕು ಅಂತ ತಾನೇ ಅಪ್ಪ ಹೇಳಿದ್ದು?” ಅಕ್ಕ ಎಡಗೈಯಿಂದ ಕುರ್ಚಿ ಹಿಡಿದು ಎದ್ದು ನಿಂತಳು. ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. “ನಿಂತಿದೀನಿ ನೋಡು. ಮನೆಯವಳು ನಾನು. ತೆಗಿ ಬೀಗ.”

ಅಡುಗೆಮನೆಯಿಂದ ಹೆಂಡತಿ, ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದು ನಿಂತಳು. “ಹೂಂ ಕಣ್ರೀ, ಇದು ಇವರ ಮನೇನೇ. ನಾನು ಸಾಕ್ಷಿ. ಇನ್ನೇನು ಬೇಕು ನಿಮಗೆ?”

ಕೀಲಿಯಣ್ಣನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಇಷ್ಟು ವರ್ಷ ಬೀಗದ ನಡುವೆ ಬದುಕಿದವನು, ಹಾಕಿದವನು ಯಾರೆಂದು ನೋಡಿದನೇ ಹೊರತು ಎಲ್ಲಿ ಹಾಕಿದ್ದಾನೆಂದು ನೋಡಿರಲಿಲ್ಲ. ಊಟ ಮಾಡದೆ, ಕಂಟ್ರೋಲರುಗಳನ್ನು ಚೀಲಕ್ಕೆ ಹಾಕಿಕೊಂಡು ಹಾಗೆಯೇ ಅಂಗಡಿಗೆ ವಾಪಸು ಹೊರಟ.

ಮನೆಯಲ್ಲಿ ಕಂಪನಿಯ ಕಂಟ್ರೋಲರ್ ಎರಡಿದ್ದವು. ಒಂದು ಚೆನ್ನಾಗಿತ್ತು. ಇನ್ನೊಂದಕ್ಕೆ ಈ ಕಂಟ್ರೋಲರುಗಳಿಗೆಲ್ಲ ಬರುವ ಮಾಮೂಲಿ ರೋಗ ಬಂದಿತ್ತು: ಕಾರು ತಿರುಗಿಸಲು ಹೆಬ್ಬೆರಳಿನಲ್ಲಿ ಒತ್ತುವ ಕಡ್ಡಿ, ಬೆರಳು ಮುಟ್ಟದಿದ್ದರೂ ತಾನಾಗಿ ಎಡಕ್ಕೆ ಎಳೆಯುತ್ತಿತ್ತು. ಸ್ಪಿರಿಟ್ ಹಾಕಿ ತೊಳೆದದ್ದಾಗಿತ್ತು, ಊದಿದ್ದಾಗಿತ್ತು. ಬೀಗದೊಳಗಿನ ಒಂದು ಸ್ಪ್ರಿಂಗು ಅಪ್ಪನ ಕಾಲದಿಂದ ಬಾಳುತ್ತದೆ, ಇವರ ಕಡ್ಡಿ ಒಂದು ಮಳೆಗಾಲ ಬಾಳುವುದಿಲ್ಲ ಎಂದು ಅದನ್ನು ಹಿಡಿದಾಗಲೆಲ್ಲ ಬೈಯುತ್ತಿದ್ದ.

“ಕೆಟ್ಟಿರೋದನ್ನ ಬಿಚ್ಚೋಣ” ಎಂದ ವಾಚಿನವನು. “ಒಳ್ಳೇದು ನಿನ್ನ ಕೈಗಿರಲಿ.”

“ಎಳೆಯೋ ಬೋರ್ಡು ಹಾಕಿದ್ರೆ ಅಕ್ಕನ ಕಾರೂ ಎಳೆಯುತ್ತೆ. ಒಳ್ಳೇದನ್ನೇ ಬಿಚ್ಚು.”

“ಮತ್ತೆ ನಿನಗೆ? ಹೊಸದೊಂದು ತಗೋ.”

“ಆ ಕಳ್ಳರಿಗೆ ನನ್ನ ಜೇಬಿಂದ ಇನ್ನೊಂದು ಕಾಸು ಹುಟ್ಟಲ್ಲ!” ಎಂದು ಮೇಜು ಗುದ್ದಿದ. ವಾಚಿನ ಮುಳ್ಳುಗಳು ಚೆಲ್ಲಾಪಿಲ್ಲಿಯಾದವು. ಅವನ್ನು ಹುಡುಕಿ ಮುಗಿಸುವವರೆಗೆ ಇಬ್ಬರೂ ಬೈದಾಡಿಕೊಂಡರು.

ಆಮೇಲೆ ವಾಚಿನವನು ಉಸಿರು ಬಿಗಿಹಿಡಿದು, ಕೂದಲಿನಂಥ ತಂತಿಗಳನ್ನು ಅಕ್ಕಿಕಾಳಿಗಿಂತ ಸಣ್ಣ ಜಾಗಗಳಿಗೆ ಬೆಸುಗೆ ಹಾಕಿದ. ಕಂಟ್ರೋಲರಿನ ಪ್ಲಾಸ್ಟಿಕ್ ಹೊರಮೈ ಸೀಳಿದಾಗ ಟಪ್ ಎಂದು ಮುರಿದ ಕೊಂಡಿಗಳನ್ನು ಕೀಲಿಯಣ್ಣ ಅಂಗೈಯಲ್ಲಿಟ್ಟುಕೊಂಡು ನೋಡಿದ. ಬಿಚ್ಚಿದರೆ ಮತ್ತೆ ಮುಚ್ಚಲಾಗದ ಹಾಗೆ ಬೇಕೆಂದೇ ಮಾಡಿದ ಕೊಂಡಿ. “ನೋಡು ನೋಡು ಇವರ ಬುದ್ಧಿ” ಎಂದು ಅವನ್ನು ಬೀದಿಗೆ ಎಸೆದ.

ಮುಂದಿನ ರಜದ ದಿನ ವಾಚಿನವನೂ ಬಂದ. ಪಂದ್ಯಕ್ಕೆ ಹೊರಗಿನವನೊಬ್ಬ ಇರಲಿ ಎಂದು ಅಕ್ಕನೇ ಕರೆಸಿದ್ದಳು. ಕೀಲಿಯಣ್ಣ ಡಬ್ಬ ಆನ್ ಮಾಡಿ ಕೈಕಟ್ಟಿ ನಿಂತ. ಅಕ್ಕ ಗುಂಡಿ ಒತ್ತಿದಳು. ಟಕ್. ಪರದೆಯ ಮೇಲಿನ ಅರ್ಧದಲ್ಲಿ ಅವಳ ಕೆಂಪು ಕಾರು ಗುರ್ ಎಂದಿತು. ಯಾವ ಬರಹವೂ ಬರಲಿಲ್ಲ.

“ಅನುಮತಿ ಸಿಕ್ತು” ಎಂದಳು ಅಕ್ಕ.

“ಬಿಟ್ಟುಕೊಡ್ತೀನಿ ಅನ್ಕೋಬೇಡ. ನೀನು ಕೆಳಗೆ ಬರಲೇಬೇಕು.”

“ನಿನ್ನ ಮುಖಕ್ಕೆ ಬಿಟ್ಟುಕೊಡೋದು ಬೇರೆ ಕೇಡು. ಕೂತ್ಕೋ.”

ಮೊದಲ ಸುತ್ತಿನಲ್ಲಿ ಕೀಲಿಯಣ್ಣ ಮುಂದೆ. ಎಡಕ್ಕೆ ಎಳೆಯುವ ಕಡ್ಡಿಯನ್ನು ಹೆಬ್ಬೆರಳಿನಿಂದ ಬಲಕ್ಕೆ ಒತ್ತಿ ಹಿಡಿದು, ಹಟಮಾರಿ ಬೀಗದ ನಾಲಗೆಯನ್ನು ತಡೆದಂತೆ ತಡೆದು ಓಡಿಸಿದ. ಎರಡನೆಯ ಸುತ್ತಿನಲ್ಲಿ ಅಕ್ಕ ಹಿಂದಿನಿಂದ ಬಂದು ಗುದ್ದಿದಳು. “ಅದೇನು ರಸ್ತೆ ನಿಮ್ಮಪ್ಪಂದಾ?” ಎಂದು ಇವನು ಕೂಗಿದ. “ನಿಮ್ಮಪ್ಪ ಬೇರೆ, ನಮ್ಮಪ್ಪ ಬೇರೆನಾ?” ಎಂದು ಅವಳೂ ಕೂಗಿದಳು. ಹೆಂಡತಿ ಅತ್ತಿಗೆಯ ಕಡೆಯೋ ಗಂಡನ ಕಡೆಯೋ ತಿಳಿಯದಂತೆ ಇಬ್ಬರಿಗೂ “ನೋಡಿ ನೋಡಿ, ತಿರುವು ನೋಡಿ” ಎನ್ನುತ್ತಿದ್ದಳು. ಪೆಟ್ಟಿಗೆಯ ಗುಂಡಿಗಳು ಹೊಲಿಗೆ ಮಿಷನ್ನಿನ ಹಾಗೆ ಟಕಟಕ ಸದ್ದು ಮಾಡುತ್ತಿದ್ದವು. ಆ ಮನೆಯಲ್ಲಿ ಮಿಷನ್ನಿನ ಸದ್ದು ಕೇಳಿ ಎಷ್ಟೋ ತಿಂಗಳಾಗಿತ್ತು.

ಮೂರನೆಯ ಸುತ್ತಿನ ಕೊನೆಯ ತಿರುವು ಬಲಕ್ಕೆ. ಕೀಲಿಯಣ್ಣನ ಕಾರು ಅರ್ಧ ಕಾರಿನಷ್ಟು ಮುಂದಿತ್ತು. ಬೆವರಿದ ಹೆಬ್ಬೆರಳು ಕ್ಷಣಮಾತ್ರ ಜಾರಿತು. ಅಷ್ಟೇ ಸಾಕಾಯಿತು. ಕಡ್ಡಿ ತನ್ನ ಬುದ್ಧಿ ತೋರಿಸಿತು, ಕಾರು ಎಡಕ್ಕೆ ಎಳೆದು ಗೋಡೆಗೆ ಉಜ್ಜಿಕೊಂಡು ನಿಂತಿತು. ಕೆಂಪು ಕಾರು ಮೇಲಿನ ಅರ್ಧದಲ್ಲಿ ಗೆರೆ ದಾಟಿತು.

“ಥೂ! ಥೂ! ಇದೂ ಒಂದು ಕಡ್ಡಿನಾ? ಇದನ್ನ ಮಾಡಿದವನ ಕೈಗೆ—”

“ತಡಿ” ಎಂದಳು ಅಕ್ಕ. ನಗು ನಿಲ್ಲಿಸಿದ್ದಳು. “ಬಿಟ್ಟುಕೊಟ್ಯಾ?”

“ನಾನಾ? ನಿನಗಾ? ಕಡ್ಡಿ ಎಳೀತು ಕಣೇ! ಗೆಲ್ಲೋ ಆಟ ಇದು ನಂದು!”

ಅಕ್ಕ ವಾಚಿನವನನ್ನು ನೋಡಿದಳು. ವಾಚಿನವನು ಕೀಲಿಯಣ್ಣನ ಮುಖ ನೋಡಿದ. ಕತ್ತಿನ ನರ ಉಬ್ಬಿತ್ತು, ಕಿವಿ ಕೆಂಪಗಿತ್ತು, ತುಟಿ ಅದುರುತ್ತಿತ್ತು.

“ಬಿಟ್ಟುಕೊಟ್ಟವನ ಮುಖ ಅಲ್ಲ ಇದು” ಎಂದು ತೀರ್ಪು ಕೊಟ್ಟ. “ಸೋತವನದೇ.”

ಪರದೆಯ ಮೇಲೆ ಬರಹ ಬಂತು: ‘ನಿಮ್ಮ ಅನುಭವ ಹೇಗಿತ್ತು?’ ಕೀಲಿಯಣ್ಣ ಎದ್ದು ಹೋಗಿ ಪ್ಲಗ್ಗನ್ನು ಕಿತ್ತ.

ಮರುದಿನ ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಕಬ್ಬಿಣದ ಕೊಳವೆ ತಂದು, ಮಹಡಿ ಮೆಟ್ಟಿಲ ಇನ್ನೊಂದು ಪಕ್ಕದ ಗೋಡೆಗೆ ರಂಧ್ರ ಕೊರೆದ. ಅಕ್ಕ ಮೆಟ್ಟಿಲ ಮೇಲೆ ನಿಂತು, ಕುತ್ತಿಗೆಗೆ ಹಾಕಿಕೊಂಡಿದ್ದ ಅಳತೆಯ ಟೇಪನ್ನು ಎಡಗೈಯಲ್ಲಿ ಇಳಿಬಿಟ್ಟು, ಇಲ್ಲಿಗಲ್ಲ ಅಲ್ಲಿಗೆ ಎಂದು ಹೇಳುತ್ತಿದ್ದಳು.

“ಅವತ್ತೇ ಹೇಳೋಳಿದ್ದೆ, ಒಂದು ಕಂಬಿ ಹಾಕು ಸಾಕು ಅಂತ. ಬಾಯಿ ಬಿಡೋಕೆ ಬಿಟ್ಯಾ ನೀನು?”

ಸೋತವನು ತುಟಿ ಬಿಚ್ಚಬಾರದು. ಕೀಲಿಯಣ್ಣ ತುಟಿ ಬಿಚ್ಚಲಿಲ್ಲ. ಗೋಡೆಗೆ ಹೊಡೆಯುವ ಪ್ಲಾಸ್ಟಿಕ್ ಬೆಣೆಗಳನ್ನು ಕಂಡು ಮಾತ್ರ ಮುಖ ಕಿವುಚಿ, ಅವನ್ನು ಪಕ್ಕಕ್ಕೆಸೆದು, ಮರದ ಬೆಣೆ ಕೆತ್ತಿ ಹೊಡೆದ. ಕೊನೆಯ ಸ್ಕ್ರೂ ಬಿಗಿದು, ಕೊಳವೆಗೆ ಜೋತುಬಿದ್ದು ಎಳೆದು ನೋಡಿದ. ಅಲುಗಲಿಲ್ಲ.

ಅಕ್ಕ ಕೆಳಗಿಳಿದು ಬಂದು, ತಿರುಗಿ, ಎಡಗೈಯಲ್ಲಿ ಹೊಸ ಕಂಬಿ ಹಿಡಿದು ಹತ್ತತೊಡಗಿದಳು. ಅರ್ಧಕ್ಕೆ ನಿಂತಳು.

“ಇದು ಎಳೆಯಲ್ಲ ತಾನೇ?”

“ಎಳೆದ್ರೆ ನಕ್ಷತ್ರ ಕಡಿಮೆ ಕೊಡು” ಎಂದು ಕೀಲಿಯಣ್ಣ ಉಳಿದ ಸ್ಕ್ರೂಗಳನ್ನು ಹೆಕ್ಕಿಕೊಳ್ಳತೊಡಗಿದ. ಮೇಲೆ ಕಿಟಕಿ ತೆರೆದ ಸದ್ದು, ಅದರ ಹಿಂದೆಯೇ ಬೀದಿಯಲ್ಲಿ ಹೋಗುತ್ತಿದ್ದ ಯಾರಿಗೋ ಅಂಗಿಯ ಕಾಲರಿನ ವಿಷಯವಾಗಿ ಬೈಗುಳ ಕೇಳಿಸಿತು.